ಸಣ್ಣ ಟ್ರ್ಯಾಕ್ಟರಿಗೆ ಟೈರ್ ಸರಪಳಿ: ಕೊಳ್ಳುವ ಮುನ್ನ, ಮಾರುವ ಮುನ್ನ

ಹೇಮಾವತಿ ಜಲಾಶಯದ ಹಿನ್ನೀರಿನ ಅಂಚಿನಲ್ಲಿರುವ ಶೆಟ್ಟಿಹಳ್ಳಿಯ ಸುತ್ತಮುತ್ತ ಮುಂಗಾರು ಹಿಡಿದ ಮೇಲೆ ಟ್ರ್ಯಾಕ್ಟರ್ ಮಾಲೀಕರನ್ನು ಕಾಡುವುದು ಎಂಜಿನ್ನಿನ ಶಕ್ತಿಯ ಕೊರತೆಯಲ್ಲ, ಚಕ್ರದ ಹಿಡಿತದ ಕೊರತೆ. ನೆನೆದ ಮಣ್ಣು ಟೈರಿನ ಲಗ್‌ಗಳ ನಡುವೆ ತುಂಬಿಕೊಂಡರೆ ಚಕ್ರ ನಿಂತಲ್ಲೇ ಸುತ್ತುತ್ತದೆ. 20ರಿಂದ 30 ಅಶ್ವಶಕ್ತಿಯ ಸಣ್ಣ ಟ್ರ್ಯಾಕ್ಟರುಗಳು ತೂಕದಲ್ಲಿ ಹಗುರವಾದ್ದರಿಂದ ಬೇಗನೆ ಜಾರುತ್ತವೆ. ಆಗ ಗಿರಾಕಿಗಳು ಟೈರ್ ಸರಪಳಿಯನ್ನು ಅರಸಿ ಅಂಗಡಿಗೆ ಬರುತ್ತಾರೆ. ತಪ್ಪು ಸರಪಳಿ ಮಾರಿದ ವ್ಯಾಪಾರಿಗೆ ಒಂದು ದಿನದ ಲಾಭ ದೊರೆತೀತು. ಮರುವಾರ ಅದೇ ಗಿರಾಕಿ ಹಾಳಾದ ಟೈರಿನೊಡನೆ ಮರಳುತ್ತಾನೆ.

ಸರಪಳಿ ಯಾವ ನೆಲಕ್ಕೆ?

ಟೈರ್ ಸರಪಳಿಯ ಮೂಲ ಹಿಮದ ನಾಡುಗಳಲ್ಲಿದೆ. ಅಮೆರಿಕದ ಹ್ಯಾರಿ ವೀಡ್ ಎಂಬುವರು 1904ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಮೇಲ್ಪದರ ಜಾರುವಂತಿದ್ದು ಕೆಳಗೆ ಗಟ್ಟಿ ನೆಲವಿದ್ದರೆ ಮಾತ್ರ ಸರಪಳಿಯ ಕೊಂಡಿಗಳು ಕಚ್ಚಿ ಹಿಡಿಯುತ್ತವೆ. ಮಳೆಯಲ್ಲಿ ನೆನೆದ ಇಳಿಜಾರಿನ ಮಣ್ಣಿನ ದಾರಿ, ಸಕಲೇಶಪುರ ಕಡೆಯ ಕಾಫಿ ತೋಟದ ಏರು, ಟ್ರೇಲರ್ ಎಳೆಯುವ ಕಾಲುದಾರಿ ಇಂಥ ನೆಲಗಳು. ಆಳವಾದ ಕೆಸರಿನ ಭತ್ತದ ಗದ್ದೆಯಲ್ಲಿ ಕಚ್ಚಲು ಗಟ್ಟಿ ತಳವೇ ಸಿಗದು. ಅಲ್ಲಿ ಭಾರವನ್ನು ಹರಡಿ ತೇಲಿಸುವ ಕೇಜ್ ವೀಲ್ ಬೇಕೇ ಹೊರತು ಸರಪಳಿಯಲ್ಲ. ಗಿರಾಕಿಗೆ ಕೇಳಬೇಕಾದ ಮೊದಲ ಪ್ರಶ್ನೆ: 'ಗದ್ದೆಗೋ, ದಾರಿಗೋ?'

ಖರ್ಚಿಲ್ಲದ ಉಪಾಯಗಳು

ಸರಪಳಿಗೆ ಹಣ ಹಾಕುವ ಮುನ್ನ ಟೈರಿನ ಲಗ್‌ಗಳು ಸವೆದಿವೆಯೇ, ಗಾಳಿಯ ಒತ್ತಡ ಕೈಪಿಡಿಯಲ್ಲಿ ಹೇಳಿದಂತಿದೆಯೇ ಎಂದು ನೋಡಬೇಕು. ಹಿಂದಿನ ಟೈರಿನಲ್ಲಿ ಮುಕ್ಕಾಲು ಭಾಗ ನೀರು ತುಂಬುವುದು ಹಳೆಯ, ಪರಿಣಾಮಕಾರಿ ಕ್ರಮ. ಒಂದು ಲೀಟರಿಗೆ ಒಂದು ಕಿಲೋ ತೂಕ ಹೆಚ್ಚುತ್ತದೆ. ಡಿಫರೆನ್ಷಿಯಲ್ ಲಾಕ್ ಬಳಸುವ ಕ್ರಮವನ್ನು ಚಾಲಕನಿಗೆ ತಿಳಿಸಿದರೆ ಎಷ್ಟೋ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಆಯ್ಕೆಯಲ್ಲಿ ಗಮನಿಸಬೇಕಾದ ಅಂಶಗಳು

1. ಅಳತೆ: ಟೈರಿನ ಪಕ್ಕೆಯ ಮೇಲೆ 8.3-20, 8.3-24, 9.5-24 ಎಂಬಂತೆ ಅಳತೆ ಅಚ್ಚಾಗಿರುತ್ತದೆ. ಮೊದಲನೆಯದು ಟೈರಿನ ಅಗಲ, ಎರಡನೆಯದು ರಿಮ್‌ನ ವ್ಯಾಸ; ಎರಡೂ ಅಂಗುಲಗಳಲ್ಲಿ. ಟ್ರ್ಯಾಕ್ಟರಿನ ಹೆಸರು ಕೇಳಿ ಸರಪಳಿ ಕೊಡಬಾರದು.

2. ಮಾದರಿ: ಏಣಿಯಂತೆ ಅಡ್ಡಸಾಲುಗಳಿರುವ ಸರಪಳಿ ಅಗ್ಗ. ಆದರೆ ಲಗ್ ಆಳವಾಗಿರುವ ಕೃಷಿ ಟೈರಿನಲ್ಲಿ ಅಡ್ಡಸಾಲುಗಳು ಲಗ್‌ಗಳ ನಡುವೆ ಕುಸಿದು ನಿಷ್ಪ್ರಯೋಜಕವಾಗುತ್ತವೆ. ವಜ್ರಾಕೃತಿಯ ಜಾಲದಂತೆ ಹೆಣೆದದ್ದು ಮೇಲೆಯೇ ನಿಲ್ಲುತ್ತದೆ.

3. ಅಂತರ: ಚಕ್ರಕ್ಕೂ ಮಡ್‌ಗಾರ್ಡಿಗೂ, ಚಕ್ರಕ್ಕೂ ಹಿಂಬದಿಯ ಲಿಂಕ್ ತೋಳುಗಳಿಗೂ ನಡುವೆ ಸರಪಳಿ ತಗುಲದಷ್ಟು ಜಾಗವಿರಬೇಕು.

4. ಬಳಕೆ: ಸರಪಳಿ ಹಾಕಿ ಸ್ವಲ್ಪ ದೂರ ಓಡಿಸಿ, ಮತ್ತೊಮ್ಮೆ ಬಿಗಿಯಬೇಕು. ವೇಗ ಕಡಿಮೆಯಿರಬೇಕು. ಡಾಂಬರು ರಸ್ತೆಗೆ ಬರುವ ಮುನ್ನ ಕಳಚಬೇಕು. ಇಲ್ಲವಾದರೆ ರಸ್ತೆ, ಟೈರು, ಸರಪಳಿ ಮೂರೂ ಹಾಳು.

ಲೆಕ್ಕದ ಮಾತು

ಸರಪಳಿಯ ನಿಜವಾದ ಬೆಲೆ ಬಿಲ್ಲಿನಲ್ಲಿಲ್ಲ, ಬಳಕೆಯ ಗಂಟೆಯಲ್ಲಿದೆ. ಉದಾಹರಣೆಗೆ, ಒಂದು ಜೋಡಿಗೆ ರೂ. 15,000 ಎಂದೂ, ಅದು ಮೂರು ಮಳೆಗಾಲ ಬಾಳುತ್ತದೆಂದೂ ಇಟ್ಟುಕೊಳ್ಳೋಣ. ವರ್ಷಕ್ಕೆ 50 ಗಂಟೆ ಬಳಸುವವನಿಗೆ ಗಂಟೆಗೆ ರೂ. 100 ತಗಲುತ್ತದೆ. ವರ್ಷಕ್ಕೆ 10 ಗಂಟೆ ಮಾತ್ರ ಬಳಸುವವನಿಗೆ ಅದೇ ಸರಪಳಿ ಗಂಟೆಗೆ ರೂ. 500 ಆಗುತ್ತದೆ. ಎರಡನೆಯವನಿಗೆ ಟೈರಿಗೆ ನೀರು ತುಂಬುವುದೇ ಲಾಭ. ಒಂದೇ ಅಳತೆಯ ಟೈರುಳ್ಳ ನಾಲ್ವರು ಸೇರಿ ಒಂದು ಜೋಡಿ ಕೊಳ್ಳುವುದೂ ಉಂಟು.

ತೆರಿಗೆಯ ವ್ಯತ್ಯಾಸವೂ ಸಣ್ಣದಲ್ಲ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಟೈರು, ಟ್ಯೂಬುಗಳ ಜಿ.ಎಸ್.ಟಿ. ಶೇ. 18ರಿಂದ ಶೇ. 5ಕ್ಕೆ ಇಳಿದಿದೆ. ಉಕ್ಕಿನ ಸರಪಳಿಯಾದರೋ 7315ನೇ ಶೀರ್ಷಿಕೆಯಡಿ ಶೇ. 18ರಲ್ಲಿಯೇ ಉಳಿದಿದೆ. ಟ್ರ್ಯಾಕ್ಟರಿಗೆ ಬಳಸುವುದೆಂಬ ಕಾರಣಕ್ಕೆ ಬಿಡಿಭಾಗವೆಂದು ಶೇ. 5ರಲ್ಲಿ ಬಿಲ್ ಮಾಡಿದರೆ, ವ್ಯತ್ಯಾಸದ ತೆರಿಗೆಯೂ ಬಡ್ಡಿಯೂ ವ್ಯಾಪಾರಿಯ ತಲೆಗೇ ಬರುತ್ತವೆ. ನೋಂದಣಿಯಿಲ್ಲದ ರೈತನಿಗೆ ಹೂಡುವಳಿ ತೆರಿಗೆ ಜಮೆ ಸಿಗದು. ಕೃಷಿ ಯಂತ್ರಗಳ ಬಾಡಿಗೆಗೆ ವಿನಾಯಿತಿಯಿರುವುದರಿಂದ ಬಾಡಿಗೆಗೆ ಬಿಡುವವನಿಗೂ ಈ ಜಮೆ ದೊರೆಯದು. ಆದ್ದರಿಂದ ಸವೆದ ಟೈರಿಗೆ ಸರಪಳಿ ಕಟ್ಟುವುದಕ್ಕಿಂತ ಹೊಸ ಟೈರು ಹಾಕುವುದು ಲಾಭವೇ ಎಂದು ತೆರಿಗೆ ಸೇರಿಸಿ ಹೋಲಿಸಿ ನೋಡುವುದು ಅಗತ್ಯ.

ವೆಲ್ಡಿಂಗ್ ಘಟಕ ನಡೆಸುವವರು ಪ್ರಚಲಿತವಾದ ಎರಡು ಮೂರು ಅಳತೆಗಳಿಗೆ ಸೀಮಿತರಾಗಿ, ಬೇಡಿಕೆ ಬಂದಂತೆ ತಯಾರಿಸುವುದು ಕ್ಷೇಮ. ಮಳೆಗಾಲ ಕಳೆದ ಮೇಲೆ ಉಳಿದ ಸರಪಳಿ ಮುಂದಿನ ಜೂನ್ ತಿಂಗಳವರೆಗೆ ಗೋದಾಮಿನಲ್ಲಿ ತುಕ್ಕು ಹಿಡಿಯುತ್ತದೆ. ಅದರಲ್ಲಿ ತೊಡಗಿಸಿದ ಬಂಡವಾಳದ ಬಡ್ಡಿ ಮಾತ್ರ ನಿಲ್ಲುವುದಿಲ್ಲ.