ಹಣ್ಣಿನ ನೊಣಕ್ಕೆ ತುಳಸಿಯ ಕಂಪು

ಹೊರಗೆ ಕಲೆಯಿಲ್ಲದ ಮಾವಿನಹಣ್ಣನ್ನು ಕೊಯ್ದಾಗ ಒಳಗೆ ಬಿಳಿ ಹುಳುಗಳು ಹರಿದಾಡುವುದನ್ನು ನೀವು ಕಂಡಿರಬಹುದು. ಇದು ಹಣ್ಣಿನ ನೊಣದ ಕೆಲಸ. ಯಲಹಂಕ, ಹೆಸರಘಟ್ಟದ ಕಡೆ ಸೀಬೆಗೂ ಇದರ ಕಾಟ ತಪ್ಪಿದ್ದಲ್ಲ. ಈ ನೊಣದ ದೆಸೆಯಿಂದಲೇ 2014ರ ಮೇ ತಿಂಗಳಲ್ಲಿ ಯುರೋಪಿನ ಒಕ್ಕೂಟವು ನಮ್ಮ ಮಾವನ್ನು ನಿಷೇಧಿಸಿತ್ತು. 2015ರ ಜನವರಿಯಲ್ಲಿ ಅದು ತೆರವಾಯಿತು.

ಹೆಣ್ಣು ನೊಣ ಬಲಿಯುತ್ತಿರುವ ಕಾಯಿಯ ಸಿಪ್ಪೆ ಚುಚ್ಚಿ ಮೊಟ್ಟೆಯಿಡುತ್ತದೆ. ಒಳಸೇರಿದ ಹುಳುವಿಗೆ ಸಿಂಪರಣೆ ತಾಗುವುದು ಕಷ್ಟ. ಕೊಯ್ಲಿನ ಹೊತ್ತಿಗೆ ವಿಷ ಹೊಡೆಯುವುದೂ ಸಲ್ಲದು. ಇಲ್ಲಿ ನೆರವಾಗುವುದು ಮೀಥೈಲ್ ಯೂಜೆನಾಲ್ ಎಂಬ ಸುಗಂಧ ವಸ್ತು. ತುಳಸಿಯ ಎಣ್ಣೆಯಲ್ಲೂ ಇದು ಇರುತ್ತದೆ. ಸಿಟ್ರೊನೆಲ್ಲಾ ಎಣ್ಣೆಗೆ ಗಂಡು ನೊಣಗಳು ಮುತ್ತುವುದನ್ನು ಬಿಹಾರದ ಪೂಸಾದಲ್ಲಿದ್ದ ಕೀಟತಜ್ಞ ಹೌಲೆಟ್ 1912ರಲ್ಲಿ ಪ್ರಕಟಿಸಿದರು. ಆಕರ್ಷಣೆಯ ಮೂಲ ಮೀಥೈಲ್ ಯೂಜೆನಾಲ್ ಎಂಬುದು ಅವರ ಮುಂದಿನ ಪರೀಕ್ಷೆಗಳಿಂದ ತಿಳಿಯಿತು.

ಗಮನಿಸಿ, ಈ ವಾಸನೆಗೆ ಬರುವುದು ಗಂಡು ಮಾತ್ರ. "ಬಲೆ ತುಂಬ ನೊಣ ಬಿದ್ದಿದೆ, ಹಣ್ಣಿನಲ್ಲಿ ಹುಳು ಹಾಗೇ ಇದೆ" ಎಂದು ದೂರುವವರು ಸಾಮಾನ್ಯವಾಗಿ ಬಲೆಯನ್ನು ತಡವಾಗಿ ಕಟ್ಟಿರುತ್ತಾರೆ. ಅಷ್ಟರಲ್ಲಿ ಹೆಣ್ಣುಗಳು ಕೂಡಿ ಆಗಿರುತ್ತದೆ. ಉಳಿದ ಒಂದು ಗಂಡೇ ಹಲವು ಹೆಣ್ಣುಗಳಿಗೆ ಸಾಕು. ಆದ್ದರಿಂದ ಕೊಯ್ಲಿಗೆ ಎರಡು ತಿಂಗಳು ಮುಂಚೆಯೇ, ಅಂದರೆ ಮೇ ಕೊನೆಗೆ ಕೊಯ್ಯುವ ತೋಟದಲ್ಲಿ ಮಾರ್ಚ್ ಕೊನೆಗೆ, ಎಕರೆಗೆ ಆರರಿಂದ ಎಂಟು ಬಲೆಗಳನ್ನು ನೆರಳಿನ ಕೊಂಬೆಗೆ ಆಳೆತ್ತರದಲ್ಲಿ ಕಟ್ಟಿರಿ. ಒಳಗಿನ ಮರದ ಬಿಲ್ಲೆಯಲ್ಲಿ ಕೀಟನಾಶಕವೂ ಇರಬೇಕು. ವಿಷವಿಲ್ಲದ ಬಿಲ್ಲೆಯನ್ನು ನೆಕ್ಕಿ ಹಾರಿಹೋದ ಗಂಡನ್ನು ಹೆಣ್ಣುಗಳು ಇನ್ನೂ ಹೆಚ್ಚು ಮೆಚ್ಚುತ್ತವೆ! ಬಿಲ್ಲೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳ ಕೈಗೆ ಸಿಗದಂತೆ ಇಡಿ.

ಪೆಸಿಫಿಕ್ ಸಾಗರದ ರೋಟಾ ದ್ವೀಪದಲ್ಲಿ 1960ರ ದಶಕದಲ್ಲಿ ಇದೇ ವಸ್ತುವಿನಿಂದ ನೊಣವನ್ನು ನಿರ್ಮೂಲ ಮಾಡಿದರು. ನಮ್ಮ ತೋಟ ದ್ವೀಪವಲ್ಲ, ಪಕ್ಕದ ತೋಟದ ನೊಣಕ್ಕೆ ಬೇಲಿ ಅಡ್ಡಿಯಾಗದು. ಊರಿನ ಮಾವು, ಸೀಬೆ ಬೆಳೆಗಾರರೆಲ್ಲ ಒಂದೇ ವಾರದಲ್ಲಿ ಕಟ್ಟಿದರೆ ಫಲ ಹೆಚ್ಚು.

ಬಲೆಯೊಂದನ್ನೇ ನಂಬಿ ಕೂರಬೇಡಿ. ಉದುರಿದ ಹಣ್ಣಿನಿಂದ ಹೊರಬಿದ್ದ ಹುಳು ಮಣ್ಣಿನಲ್ಲಿ ಕೋಶವಾಗಿ, ಮತ್ತೆ ನೊಣವಾಗಿ ಏಳುತ್ತದೆ. ಬಿದ್ದ ಹಣ್ಣನ್ನು ಆಗಿಂದಾಗ್ಗೆ ಆರಿಸಿ ಆಳವಾಗಿ ಹೂಳಿ. ತಿಪ್ಪೆಗೆ ಎಸೆದರೆ ನೊಣವನ್ನು ಸಾಕಿದಂತೆಯೇ.

ಹಾಗಲ, ಹೀರೆ, ಸೌತೆ ಬೆಳೆಯುವವರಿಗೆ ಒಂದು ಮಾತು: ನಿಮ್ಮ ಬಳ್ಳಿಯ ನೊಣ ಬೇರೆ ಜಾತಿಯದು, ಮೀಥೈಲ್ ಯೂಜೆನಾಲಿಗೆ ಬರುವುದಿಲ್ಲ. ಅಂಗಡಿಯಲ್ಲಿ ಕ್ಯೂ-ಲ್ಯೂರ್ ಬಿಲ್ಲೆಯನ್ನೇ ಕೇಳಿ ಪಡೆಯಿರಿ.