ಖಾಕಿ ತೊಟ್ಟ ಮೇಷ್ಟ್ರ ಬೆನ್ನಿಗೆ ಯಾರಿದ್ದಾರೆ?

ವಾರವಿಡೀ ವಾಣಿಜ್ಯವನ್ನೋ ಇತಿಹಾಸವನ್ನೋ ಪಾಠ ಮಾಡುವ ಮೇಷ್ಟ್ರು ಶನಿವಾರ ಬೆಳಿಗ್ಗೆ ಖಾಕಿ ತೊಟ್ಟು, ಭುಜಕ್ಕೆ ನಕ್ಷತ್ರ ಹಚ್ಚಿಕೊಂಡು ಕಾಲೇಜು ಮೈದಾನಕ್ಕೆ ಬರುತ್ತಾರೆ. ಬಸ್ಸಿಳಿದು ಓಡಿ ಬಂದ ಹುಡುಗರು ಬ್ಯಾಗುಗಳನ್ನು ಗೋಡೆಗೆ ಒರಗಿಸಿ ಸಾಲುಗಟ್ಟುತ್ತಾರೆ. ‘ಫಾಲಿನ್’ ಕೂಗು ಕೇಳುತ್ತದೆ. ಎನ್‌ಸಿಸಿಯ ಭಾಷೆಯಲ್ಲಿ ಈ ಮೇಷ್ಟ್ರಿಗೆ ಎಎನ್‌ಒ ಎನ್ನುತ್ತಾರೆ: ಅಸೋಸಿಯೇಟ್ ಎನ್‌ಸಿಸಿ ಆಫೀಸರ್. ಕಾಲೇಜಿನಲ್ಲಾದರೆ ಲೆಫ್ಟಿನೆಂಟ್, ಕ್ಯಾಪ್ಟನ್, ಮೇಜರ್. ಹೈಸ್ಕೂಲಿನಲ್ಲಾದರೆ ಥರ್ಡ್ ಆಫೀಸರ್‌ನಿಂದ ಶುರು. ಹುದ್ದೆಯ ಹೆಸರು ಸೇನೆಯದಾದರೂ ಸಂಬಳ ಸೇನೆಯದಲ್ಲ. ಮೇಷ್ಟ್ರ ಕೆಲಸದ ಸಂಬಳದ ಜತೆಗೆ ಒಂದಿಷ್ಟು ಗೌರವಧನ ಸಿಗುತ್ತದೆ, ಅಷ್ಟೆ. ಉಳಿದದ್ದೆಲ್ಲ ಅವರು ಮನಸ್ಸಿನಿಂದ ಒಪ್ಪಿಕೊಂಡ ಹೊರೆ. ಪುರುಷರು ನಾಗಪುರದ ಹತ್ತಿರದ ಕಾಮ್ಟಿಗೂ ಮಹಿಳೆಯರು ಗ್ವಾಲಿಯರ್‌ಗೂ ಹೋಗಿ, ಮನೆ ಮಕ್ಕಳನ್ನು ಬಿಟ್ಟು ವಾರಗಟ್ಟಲೆ ತರಬೇತಿ ಮುಗಿಸಿ ಬಂದವರು ಇವರು.

ಗಣರಾಜ್ಯೋತ್ಸವದ ದಿನ ಕರ್ತವ್ಯಪಥದಲ್ಲಿ ಸಾಗುವ ಕೆಡೆಟ್‌ಗಳನ್ನು ನಾವು ಟಿ.ವಿ.ಯಲ್ಲಿ ನೋಡಿ ಹೆಮ್ಮೆಪಡುತ್ತೇವೆ. ಅವರ ಹಿಂದೆ ಒಬ್ಬ ಮೇಷ್ಟ್ರು ಇದ್ದಾರೆಂಬುದು ಕೆಲವರಿಗೆ ಗೊತ್ತು. ಮೇಷ್ಟ್ರ ಹಿಂದೆ ಒಬ್ಬ ಹವಾಲ್ದಾರ, ಒಬ್ಬ ಗುಮಾಸ್ತ, ಒಬ್ಬ ಸ್ಟೋರ್‌ಕೀಪರ್ ಇದ್ದಾರೆಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನು ಬರೆಯಹೊರಟಿರುವುದು ಅವರ ಬಗ್ಗೆಯೇ. ಆ ಸಂಬಳದ ಸಿಬ್ಬಂದಿ ಗಟ್ಟಿಯಾಗಿದ್ದರೆ ಮೇಷ್ಟ್ರು ಮಕ್ಕಳ ಜತೆ ಇರುತ್ತಾರೆ. ಇಲ್ಲದಿದ್ದರೆ ಕಾಗದದ ಜತೆ ಇರುತ್ತಾರೆ.

ಈ ಜೋಡಣೆ ಎನ್‌ಸಿಸಿ ಹುಟ್ಟಿದಾಗಿನಿಂದ ಇದೆ. 1946ರಲ್ಲಿ ನೇಮಕವಾದ ಎಚ್.ಎನ್. ಕುಂಜ್ರು ಸಮಿತಿಯ ಶಿಫಾರಸಿನಂತೆ 1948ರಲ್ಲಿ ಕಾಯ್ದೆ ಬಂತು; ಆ ವರ್ಷದ ಜುಲೈ 15ರಂದು ದಳ ಅಸ್ತಿತ್ವಕ್ಕೆ ಬಂತು. ಮುಂದೆ ಭೂಸೇನೆಯ ಮುಖ್ಯಸ್ಥರಾದ ಜಿ.ಜಿ. ಬೇವೂರ್, ಆಗ ಕರ್ನಲ್, ಅದರ ಮೊದಲ ನಿರ್ದೇಶಕರು. ಶುರುವಿನಲ್ಲಿ ಕೆಡೆಟ್‌ಗಳು 20,000. ಮರುವರ್ಷವೇ ಹುಡುಗಿಯರ ವಿಭಾಗ ಬಂತು. ಚೀನಾ ಯುದ್ಧದ ಬಳಿಕ 1963ರಲ್ಲಿ ಕಡ್ಡಾಯವಾದದ್ದು 1968ರಲ್ಲಿ ಮತ್ತೆ ಐಚ್ಛಿಕವಾಯಿತು. ಕಲಿಯುವವರೂ ಇಷ್ಟಪಟ್ಟು ಬರಬೇಕು, ನಡೆಸುವವರೂ ಇಷ್ಟಪಟ್ಟು ಬರಬೇಕು, ಅವರಿಬ್ಬರಿಗೂ ಬೇಕಾದ್ದನ್ನು ಸೇನೆ ಮತ್ತು ಸರ್ಕಾರ ಒದಗಿಸಬೇಕು ಎಂಬ ಏರ್ಪಾಡು ಅಂದಿನಿಂದ ಗಟ್ಟಿಯಾಗಿ ನಿಂತಿದೆ.

ಒದಗಿಸುವ ಕೆಲಸ ನಡೆಯುವುದು ಬೆಟಾಲಿಯನ್ ಕಚೇರಿಯಲ್ಲಿ. ಮಡಿಕೇರಿಯಲ್ಲಿ 19ನೇ ಕರ್ನಾಟಕ ಬೆಟಾಲಿಯನ್, ಮಂಗಳೂರಿನಲ್ಲಿ 18ನೆಯದು, ಉಡುಪಿಯಲ್ಲಿ 21ನೆಯದು. ಹೀಗೆ ರಾಜ್ಯದ ಉದ್ದಗಲಕ್ಕೂ ಇವೆ. ಮೇಲೆ ಸೇನೆಯಿಂದ ಬಂದ ಕಮಾಂಡಿಂಗ್ ಆಫೀಸರ್. ಅವರ ಕೆಳಗೆ ಸುಬೇದಾರ್ ಮೇಜರ್, ಸುಬೇದಾರರು, ಹವಾಲ್ದಾರರು. ಈ ಸೈನಿಕರನ್ನು ಕಾಲೇಜುಗಳಲ್ಲಿ ‘ಪಿಐ ಸ್ಟಾಫ್’ ಎಂದೇ ಕರೆಯುವುದು. ಅಂದರೆ ಪರ್ಮನೆಂಟ್ ಇನ್‌ಸ್ಟ್ರಕ್ಟರ್. ಗುಮಾಸ್ತರು, ಸ್ಟೋರಿನವರು, ಡ್ರೈವರುಗಳನ್ನು ಕೊಡುವುದು ರಾಜ್ಯ ಸರ್ಕಾರ. ಹಾಗಾಗಿ ಒಂದೇ ಸೂರಿನಡಿ ಎರಡು ಸರ್ಕಾರಗಳ ನೌಕರರು, ಎರಡು ಬಗೆಯ ಸೇವಾನಿಯಮ, ಎರಡು ಬಗೆಯ ರಜಾಪಟ್ಟಿ. ಇವರೆಲ್ಲರ ದುಡಿಮೆ ಕೊನೆಗೆ ಮುಟ್ಟಬೇಕಾದದ್ದು ಆ ಶನಿವಾರದ ಮೈದಾನಕ್ಕೆ.

ಫೈರಿಂಗ್ ದಿನ ಒಮ್ಮೆ ಹೋಗಿ ನೋಡಬೇಕು. ಕೆಡೆಟ್‌ಗಳಿಗೆ ಅದು ಹಬ್ಬ. ಹಿಂದಿನ ರಾತ್ರಿ ನಿದ್ದೆ ಬಂದಿರುವುದಿಲ್ಲ. ಕೈಗೆ ಸಿಗುವುದು ಪಾಯಿಂಟ್ ಟೂಟೂ ರೈಫಲ್, ಸಣ್ಣ ರೇಂಜಿನಲ್ಲಿ ಬೆರಳೆಣಿಕೆಯ ಗುಂಡು. ಆ ಕೆಲವು ಗುಂಡುಗಳಿಗಾಗಿ ಬೆಟಾಲಿಯನ್ನಿನ ಸಿಬ್ಬಂದಿ ಪಡುವ ಪಾಡು ದೊಡ್ಡದು. ರೇಂಜ್ ಕಾಯ್ದಿರಿಸಬೇಕು, ಶಸ್ತ್ರಾಗಾರವಾದ ‘ಕೋತ್’ನಿಂದ ನಂಬರು ನೋಡಿ ರೈಫಲ್ ಎತ್ತಬೇಕು, ಕಾವಲಿನಲ್ಲಿ ಗಾಡಿಗೇರಿಸಬೇಕು, ಸಹಿ ಹಾಕಿ ಗುಂಡು ಪಡೆಯಬೇಕು, ಕೆಂಪು ಬಾವುಟ ಏರಿಸಬೇಕು, ಪ್ರಥಮ ಚಿಕಿತ್ಸೆಗೆ ಸಿದ್ಧತೆ ಮಾಡಿಕೊಳ್ಳಬೇಕು. ಹವಾಲ್ದಾರ ಒಬ್ಬೊಬ್ಬ ಹುಡುಗಿಯ ಪಕ್ಕದಲ್ಲೂ ಮಂಡಿಯೂರಿ ಕುಳಿತು ಭುಜಕ್ಕೆ ಬಟ್ ಒತ್ತಿದೆಯೇ, ಕೆನ್ನೆ ತಾಗಿದೆಯೇ, ಬೆರಳು ಟ್ರಿಗರ್‌ನಿಂದ ದೂರ ಇದೆಯೇ ಎಂದು ನೋಡುತ್ತಾನೆ. ದನಿ ಏರಿಸುವುದಿಲ್ಲ. ಮೊದಲ ಗುಂಡು ಹಾರುವ ಹೊತ್ತಿಗೆ ಅವಳು ಕಣ್ಣು ಮುಚ್ಚಿಕೊಂಡಿದ್ದರೆ ಅದು ಅವನಿಗೆ ಗೊತ್ತಾಗುತ್ತದೆ. ‘ಸಾಂಸ್ ರೋಕೋ’, ಉಸಿರು ಹಿಡಿ, ಎನ್ನುತ್ತಾನೆ. ಎರಡನೆಯದು ಹಲಗೆಗೆ ಬೀಳುತ್ತದೆ. ಎಲ್ಲ ಮುಗಿದ ಮೇಲೆ ಹುಲ್ಲಿನ ನಡುವೆ ಬಿದ್ದ ಖಾಲಿ ಕೇಸುಗಳನ್ನು ಹೆಕ್ಕಿ ಎಣಿಸಬೇಕು. ಒಂದು ಕಡಿಮೆಯಾದರೂ ಯಾರೂ ಅಲ್ಲಿಂದ ಕದಲುವಂತಿಲ್ಲ.

ಈ ಹೊತ್ತಿನಲ್ಲಿ ಮೇಷ್ಟ್ರು ಏನು ಮಾಡುತ್ತಿರುತ್ತಾರೆ? ಸರದಿಗೆ ಕಾದು ಕೂತ ಹುಡುಗನ ಕೈ ನಡುಗುವುದನ್ನು ನೋಡಿ ಪಕ್ಕದಲ್ಲಿ ಕೂರುತ್ತಾರೆ. ಬೆಳಿಗ್ಗೆ ತಿಂಡಿ ತಿನ್ನದೆ ಬಂದವನು ಯಾರು, ಮನೆಯಲ್ಲಿ ತಂದೆಗೆ ಹುಷಾರಿಲ್ಲದವಳು ಯಾರು ಎಂಬುದು ಅವರಿಗೆ ಗೊತ್ತು. ಹವಾಲ್ದಾರ ಎರಡು-ಮೂರು ವರ್ಷಕ್ಕೆ ಮರಳಿ ತನ್ನ ರೆಜಿಮೆಂಟಿಗೆ ಹೋಗುವವನು. ಮೇಷ್ಟ್ರು ಇದೇ ಊರಿನವರು. ರೈಫಲ್ಲಿನ ಚಿಂತೆಯನ್ನು ಒಬ್ಬ ಪೂರಾ ಹೊತ್ತದ್ದರಿಂದಲೇ ಇನ್ನೊಬ್ಬರು ಮಗುವಿನ ಚಿಂತೆ ಮಾಡಲು ಸಾಧ್ಯವಾಗಿದೆ. ಸಂಬಳದ ಸಿಬ್ಬಂದಿ ಇರಬೇಕಾದದ್ದು ಇದಕ್ಕಾಗಿಯೇ.

ಕಾಗದಪತ್ರದಲ್ಲಿ ಈ ಹೊಂದಾಣಿಕೆ ಎಷ್ಟೋ ಕಡೆ ತಪ್ಪುತ್ತದೆ. ಎನ್‌ರೋಲ್‌ಮೆಂಟ್ ಕಾಲ ಬಂತೆಂದರೆ ಪ್ರತಿ ಕೆಡೆಟ್‌ನ ಅರ್ಜಿ, ವೈದ್ಯಕೀಯ ಪ್ರಮಾಣಪತ್ರ, ಪೋಷಕರ ಒಪ್ಪಿಗೆ, ಬ್ಯಾಂಕ್ ಖಾತೆ. ಸಮವಸ್ತ್ರದ ಹಣ ಈಗ ನೇರ ಕೆಡೆಟ್‌ನ ಖಾತೆಗೆ ಬರುತ್ತದೆ, ಒಳ್ಳೆಯದೇ. ಆದರೆ ಖಾತೆಯಲ್ಲಿ ಹೆಸರಿನ ಒಂದು ಅಕ್ಷರ ಆಧಾರ್‌ಗೆ ಹೊಂದದಿದ್ದರೆ ಹುಡುಗ ಬಂದು ನಿಲ್ಲುವುದು ಮೇಷ್ಟ್ರ ಸ್ಟಾಫ್‌ರೂಮಿನ ಬಾಗಿಲಲ್ಲಿ. ಹತ್ತು ದಿನದ ವಾರ್ಷಿಕ ಶಿಬಿರಕ್ಕೆ ‘ನಾಮಿನಲ್ ರೋಲ್’ ಎಂಬ ಹೆಸರುಪಟ್ಟಿ, ‘ಎ’, ‘ಬಿ’, ‘ಸಿ’ ಪ್ರಮಾಣಪತ್ರ ಪರೀಕ್ಷೆಗೆ ಹಾಜರಾತಿ ಪಟ್ಟಿ, ಪೆರೇಡ್ ಮುಗಿದ ಮೇಲೆ ಕೊಡುವ ಉಪಾಹಾರಕ್ಕೆ ಬಿಲ್. ಎಷ್ಟೋ ಕಡೆ ಪೂರಿ-ಸಾಗುವಿನ ದುಡ್ಡನ್ನು ಮೇಷ್ಟ್ರೇ ಮೊದಲು ಹೋಟೆಲಿನವರಿಗೆ ಕೈಯಿಂದ ಕೊಟ್ಟು, ಬಿಲ್ ಪಾಸಾಗುವವರೆಗೆ ಕಾಯುತ್ತಾರೆ.

ಅನುಭವಸ್ಥ ಗುಮಾಸ್ತರೊಬ್ಬರು ಕಚೇರಿಯಲ್ಲಿದ್ದರೆ ಇದರಲ್ಲಿ ಅರ್ಧ ಕೆಲಸ ಫೋನಿನಲ್ಲೇ ಮುಗಿಯುತ್ತದೆ. ಯಾವ ಕಾಲೇಜಿನ ಪಟ್ಟಿಯಲ್ಲಿ ಪ್ರತಿ ವರ್ಷ ಯಾವ ತಪ್ಪು ಬರುತ್ತದೆ ಎಂಬುದು ಅಂಥವರಿಗೆ ಬಾಯಿಪಾಠ. ‘ಸರ್, ನೀವು ಬರೋದು ಬೇಡ, ವಾಟ್ಸ್ಆ್ಯಪ್‌ನಲ್ಲಿ ಕಳಿಸಿ, ನಾನು ಸರಿಮಾಡ್ಕೋತೀನಿ’ ಎಂಬ ಆ ಒಂದು ಮಾತು ತಾಲ್ಲೂಕು ಕೇಂದ್ರದ ಉಪನ್ಯಾಸಕರಿಗೆ ಒಂದು ದಿನದ ಬಸ್ ಪ್ರಯಾಣವನ್ನು ಉಳಿಸುತ್ತದೆ. ಆ ಕುರ್ಚಿ ಖಾಲಿ ಬಿದ್ದರೆ ಅಥವಾ ಅಲ್ಲಿ ತಿಂಗಳಿಗೊಬ್ಬರು ಬದಲಾದರೆ ಕೆಲಸ ಹಾಗೇ ಮಾಯವಾಗುವುದಿಲ್ಲ. ಅದು ಜಾರಿ ಬಂದು ಸಂಬಳವಿಲ್ಲದವರ ಮಡಿಲಿಗೆ ಬೀಳುತ್ತದೆ. ಎಎನ್‌ಒ ಹೊಣೆಗೆ ಹೊಸ ಅಧ್ಯಾಪಕರು ಮುಂದೆ ಬರುತ್ತಿಲ್ಲ ಎಂಬ ಮಾತನ್ನು ಪ್ರಾಂಶುಪಾಲರು ಆಗಾಗ ಆಡುತ್ತಾರೆ. ದೇಶಸೇವೆಯ ಹುಮ್ಮಸ್ಸು ಕಡಿಮೆಯಾಗಿದೆ ಎಂದು ಕಾರಣವನ್ನೂ ಕೊಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹಿರಿಯ ಸಹೋದ್ಯೋಗಿ ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ಮುಂದೆ ಪಟ್ಟಿ ತುಂಬುತ್ತಾ ಕೂತಿದ್ದನ್ನು ನೋಡಿದ ಕಿರಿಯರು ಹಿಂಜರಿಯುವುದು ಸಹಜ.

ಬ್ರಿಟನ್ನಿನಲ್ಲಿ ಸ್ವಯಂಸೇವಕರ ಕೆಲಸವನ್ನೂ ಸಂಬಳದವರ ಕೆಲಸವನ್ನೂ ಇನ್ನೂ ಸ್ಪಷ್ಟವಾಗಿ ವಿಂಗಡಿಸಿದ್ದಾರೆ. ಅಲ್ಲಿ ಶಾಲೆಯ ಹೊರಗೆ ಊರೂರಿನಲ್ಲಿ ನಡೆಯುವ ಆರ್ಮಿ ಕೆಡೆಟ್ ಫೋರ್ಸ್ ಇದೆ. ಲಂಡನ್ನಿನ ಬಡಾವಣೆಗಳಲ್ಲಿ ಬಡವರ ವಸತಿಗಾಗಿ ದುಡಿದ ಆಕ್ಟೇವಿಯಾ ಹಿಲ್ 1889ರಲ್ಲಿ ಸೌಥ್‌ವಾರ್ಕ್‌ನ ಹುಡುಗರಿಗೆಂದು ಕಟ್ಟಿದ ಕೆಡೆಟ್ ಪಡೆ ಅದರ ಹಳೆಯ ಬೇರುಗಳಲ್ಲೊಂದು. ಸಂಜೆ ತರಬೇತಿ ಕೊಡುವವರು ಊರಿನ ಸ್ವಯಂಸೇವಕರು: ಅಂಗಡಿಯವರು, ನರ್ಸುಗಳು, ಮೆಕ್ಯಾನಿಕ್‌ಗಳು. ಹಗಲಿನಲ್ಲಿ ಕಟ್ಟಡ, ಸಾಮಾನು, ಗಾಡಿ, ಕಡತ ನೋಡಿಕೊಳ್ಳಲೆಂದೇ ಕೆಡೆಟ್ ಅಡ್ಮಿನಿಸ್ಟ್ರೇಟಿವ್ ಅಸಿಸ್ಟೆಂಟ್ ಎಂಬ ಸಂಬಳದ ಹುದ್ದೆ ಇದೆ. ಸ್ವಯಂಸೇವಕರ ಹೊರೆ ಇಳಿಸುವುದೇ ಆ ಹುದ್ದೆಯ ಕೆಲಸ. ನಮ್ಮ ಎನ್‌ಸಿಸಿ ಅದರ ಎಷ್ಟೋ ಪಟ್ಟು ದೊಡ್ಡದು, ವ್ಯವಸ್ಥೆಯೂ ಬೇರೆ. ಆದರೂ ಹುದ್ದೆಯ ಉದ್ದೇಶವನ್ನು ಹೀಗೆ ಬಿಚ್ಚಿ ಹೇಳುವ ಕ್ರಮ ನಮಗೂ ಬೇಕು.

ಈಗ ಇದು ತುರ್ತಿನ ಮಾತು. ಗಡಿ ಮತ್ತು ಕರಾವಳಿಯ 173 ಜಿಲ್ಲೆಗಳಲ್ಲಿ ಒಂದು ಲಕ್ಷ ಕೆಡೆಟ್‌ಗಳನ್ನು ಸೇರಿಸುವ ಯೋಜನೆಯನ್ನು 2020ರ ಸ್ವಾತಂತ್ರ್ಯ ದಿನದಂದು ಪ್ರಧಾನಿ ಪ್ರಕಟಿಸಿದರು. 2024ರ ಜುಲೈನಲ್ಲಿ ರಕ್ಷಣಾ ಸಚಿವರು ಮತ್ತೆ ಮೂರು ಲಕ್ಷ ಸ್ಥಾನಗಳಿಗೆ ಒಪ್ಪಿಗೆ ಕೊಟ್ಟರು. ಒಟ್ಟು ಮಂಜೂರಾತಿ 20 ಲಕ್ಷ ಮುಟ್ಟಲಿದೆ. ಈ ವಿಸ್ತರಣೆಯಲ್ಲಿ ಮಾಜಿ ಸೈನಿಕರನ್ನು ಬೋಧಕರಾಗಿ ತೆಗೆದುಕೊಳ್ಳುವ ಯೋಜನೆಯಿದೆ. ನನ್ನ ದೃಷ್ಟಿಯಲ್ಲಿ ಇಡೀ ಘೋಷಣೆಯಲ್ಲಿ ಅತಿ ಹೆಚ್ಚು ಭರವಸೆಯ ಸಾಲು ಅದು. ಕೊಡಗಿನಲ್ಲಿ, ಬೆಳಗಾವಿ ಸೀಮೆಯಲ್ಲಿ, ಹಾಸನ, ಧಾರವಾಡದ ಹಳ್ಳಿಗಳಲ್ಲಿ ನಲವತ್ತರ ಆಸುಪಾಸಿಗೇ ನಿವೃತ್ತರಾಗಿ ಬಂದ ಹವಾಲ್ದಾರರು, ನಾಯಕ್‌ಗಳು ಬೇಕಾದಷ್ಟಿದ್ದಾರೆ. ಡ್ರಿಲ್ ಅವರ ಮೈಯಲ್ಲಿದೆ. ಕನ್ನಡ ಅವರ ಮನೆಮಾತು. ಉತ್ತರದಿಂದ ಬಂದ ಹವಾಲ್ದಾರ ಹಿಂದಿಯಲ್ಲಿ ನಕ್ಷೆ ಓದುವುದನ್ನು ಹೇಳಿಕೊಟ್ಟಾಗ ಮುಖ ಮುಖ ನೋಡುವ ಎಂಟನೇ ತರಗತಿಯ ಮಕ್ಕಳಿಗೆ ಈ ಬೋಧಕರು ದಿಕ್ಸೂಚಿಯನ್ನು ತಮ್ಮೂರ ಕೆರೆ ಏರಿಯ ಮೇಲೆ ನಿಲ್ಲಿಸಿ ತೋರಿಸಬಲ್ಲರು. ಎರಡು-ಮೂರು ವರ್ಷಕ್ಕೆ ವರ್ಗವಾಗುವ ಚಿಂತೆಯೂ ಅಷ್ಟಿರುವುದಿಲ್ಲ.

ಆದರೆ ಹದಿಮೂರರ ಹುಡುಗ ರಂಗರೂಟನಲ್ಲ. ಪ್ಲಟೂನ್ ಪಳಗಿಸಿದ ಕೈಗೆ ಮಗುವಿನ ಜತೆಗಿನ ವರಸೆ ತಾನಾಗಿಯೇ ಬಂದುಬಿಡುತ್ತದೆ ಎಂದುಕೊಳ್ಳಬಾರದು. ಬಿಸಿಲಲ್ಲಿ ಎಷ್ಟು ಹೊತ್ತು ನಿಲ್ಲಿಸಬಹುದು, ತಪ್ಪಿಗೆ ಶಿಕ್ಷೆಯ ಬದಲು ಏನು ಕೊಡಬೇಕು, ಮಗು ಮಂಕಾಗಿದ್ದರೆ ಯಾರಿಗೆ ತಿಳಿಸಬೇಕು ಎಂಬುದನ್ನು ನೇಮಕದ ಜತೆಗೇ ಕಲಿಸಬೇಕು. ಕಲಿಸಲು ಅನುಭವಿ ಎಎನ್‌ಒಗಳಿಗಿಂತ ಒಳ್ಳೆಯ ಗುರುಗಳು ಬೇರೆಲ್ಲೂ ಸಿಗುವುದಿಲ್ಲ. ಇಲ್ಲಿ ಮೇಷ್ಟ್ರು ಸೇನೆಗೆ ಕಲಿಸಬೇಕು.

ಹುಡುಗಿಯರ ಸಂಖ್ಯೆ ಹೆಚ್ಚಿಸುವ ಮಾತಂತೂ ನಿಂತಿರುವುದು ಪೂರಾ ಈ ಸಿಬ್ಬಂದಿಯ ಮೇಲೆಯೇ. ಎಷ್ಟೋ ಶಾಲೆಗಳಲ್ಲಿ ಮಹಿಳಾ ಎಎನ್‌ಒ ಇಲ್ಲ. ಇರುವ ಶಿಕ್ಷಕಿಗೂ ಚಿಕ್ಕ ಮಕ್ಕಳಿರುತ್ತಾರೆ, ಹತ್ತು ದಿನ ಮನೆ ಬಿಡುವುದು ಕಷ್ಟ. ಆಗ ನೆರವಿಗೆ ಬರುವವರು ಬೆಟಾಲಿಯನ್ನಿನ ಗರ್ಲ್ ಕೆಡೆಟ್ ಇನ್‌ಸ್ಟ್ರಕ್ಟರ್, ಎಂದರೆ ಜಿಸಿಐ. ಅವರಲ್ಲಿ ಎನ್‌ಸಿಸಿಯಲ್ಲೇ ಬೆಳೆದು ಬಂದ ಯುವತಿಯರು ಬಹಳ. ಶಿಬಿರದ ರಾತ್ರಿ ಹುಡುಗಿಯರ ಬ್ಯಾರಕ್ಕಿನಲ್ಲಿ ಮಲಗುವವರು, ತಲೆನೋವೆಂದವಳಿಗೆ ಮಾತ್ರೆ ಕೊಡಿಸುವವರು, ಮುಟ್ಟಾದವಳನ್ನು ಬೆಳಗಿನ ಓಟದಿಂದ ಸದ್ದಿಲ್ಲದೆ ಬಿಡಿಸುವವರು ಅವರೇ. ‘ಜತೆಗೆ ಮೇಡಂ ಇರ್ತಾರಾ?’ ಎಂದು ತಾಯಂದಿರು ಕೇಳುವ ಮೊದಲ ಪ್ರಶ್ನೆಗೆ ಇರುವ ಉತ್ತರವೂ ಅವರೇ. ಜಿಸಿಐ ಇಲ್ಲದ ವರ್ಷ ಒಪ್ಪಿಗೆ ಪತ್ರಗಳು ಸಹಿಯಾಗದೆ ವಾಪಸಾಗುತ್ತವೆ. ಶಿಬಿರದ ನಾಮಿನಲ್ ರೋಲ್‌ನಿಂದ ಆ ಹುಡುಗಿಯರ ಹೆಸರುಗಳನ್ನು ಒಂದೊಂದಾಗಿ ಹೊಡೆದುಹಾಕುವ ಕೆಲಸವೂ ಮೇಷ್ಟ್ರ ಪಾಲಿಗೇ ಬರುತ್ತದೆ.