ನೆರಳಿನ ಲೆಕ್ಕ, ಕಡತದ ಷರಾ

ಹಾಸನದಿಂದ ಅರಸೀಕೆರೆಯ ದಾರಿಯಲ್ಲಿ ಸುಮಾರು 10 ಕಿ.ಮೀ. ಸಾಗಿದರೆ ಕೊರವಂಗಲ. ಇಮ್ಮಡಿ ವೀರಬಲ್ಲಾಳನ ಅಧಿಕಾರಿ ಬೂಚಿ 1173ರಲ್ಲಿ, ದೊರೆಯ ಪಟ್ಟಾಭಿಷೇಕದ ವರ್ಷದಲ್ಲಿ, ಕಟ್ಟಿಸಿದ ಬೂಚೇಶ್ವರ ದೇವಾಲಯ ಅಲ್ಲಿದೆ. ನಿವೃತ್ತಿಯ ನಂತರ ಇಂಥ ಗುಡಿಗಳನ್ನು ನೋಡುವ ವ್ಯವಧಾನ ನನಗೆ ಒದಗಿದೆ. ಈಚೆಗೊಂದು ಚಳಿಗಾಲದಲ್ಲಿ ಅಲ್ಲಿಗೆ ಹೋದಾಗ ಶಾಲೆಯೊಂದರ ಸ್ಕೌಟ್ ಮತ್ತು ಗೈಡ್ ಮಕ್ಕಳು ಹಾಸನದಿಂದ ನಡೆದೇ ಬಂದಿದ್ದರು.

ಗುಡಿಯಾಚೆಯ ತೆಂಗಿನ ಮರವನ್ನು ಹತ್ತದೆ ಅದರ ಎತ್ತರವನ್ನು ಹೇಳಬೇಕಿತ್ತು. ಗೈಡ್ ಹುಡುಗಿಯೊಬ್ಬಳು ಒಂದೂವರೆ ಮೀಟರ್ ಉದ್ದದ ಕೋಲನ್ನು ನಿಲ್ಲಿಸಿ ಅದರ ನೆರಳನ್ನು ಅಳೆದಳು: 2 ಮೀಟರ್. ಅಷ್ಟರಲ್ಲಿ ಬುತ್ತಿ ಬಿಚ್ಚಿದರು. ಸುಮಾರು ಒಂದು ಗಂಟೆಯ ಬಳಿಕ ಮರದ ನೆರಳನ್ನು ಅಳೆದಾಗ 24 ಮೀಟರ್ ಬಂತು. ಮರ 18 ಮೀಟರ್ ಎಂದು ಘೋಷಿಸಿದಳು. ತಪ್ಪನ್ನು ಬಲ್ಲ ಶಿಕ್ಷಕರು ತುಟಿ ಬಿಚ್ಚಲಿಲ್ಲ. ಅವಳು ಮರವನ್ನೊಮ್ಮೆ ನೋಡಿ, ಅನುಮಾನಗೊಂಡು ಕೋಲನ್ನು ಮತ್ತೆ ನಿಲ್ಲಿಸಿದಳು. ನೆರಳು 3 ಮೀಟರಿಗೆ ಬೆಳೆದಿತ್ತು. ಉತ್ತರ 12ಕ್ಕೆ ಇಳಿಯಿತು. ಹತ್ತನೆಯ ತರಗತಿಯ ಸಮರೂಪ ತ್ರಿಭುಜಗಳ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಕೊಠಡಿಯನ್ನು ನಾನಂತೂ ಕಂಡಿಲ್ಲ.

1907ರಲ್ಲಿ ಬೇಡನ್ ಪೊವೆಲ್ 20 ಹುಡುಗರೊಂದಿಗೆ ಬ್ರೌನ್‌ಸೀ ದ್ವೀಪದಲ್ಲಿ ನಡೆಸಿದ ಶಿಬಿರದ ಪದ್ಧತಿ ಇದು. ನಮ್ಮಲ್ಲಿ 1950ರಲ್ಲಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ರೂಪುಗೊಂಡಿತು. ವರ್ಷದ ಆರಂಭದಲ್ಲಿ ಪ್ರತಿಜ್ಞೆ, ಆಮೇಲೆ ಗಂಟುಗಳು, ಪ್ರಥಮ ಚಿಕಿತ್ಸೆ, ಚಾರಣ, ಕಡೆಗೆ ರಾತ್ರಿ ತಂಗುವ ಶಿಬಿರ. ಆರೆಂಟು ಮಕ್ಕಳ ತುಕಡಿಗೆ ಅವರಲ್ಲೊಬ್ಬರೇ ನಾಯಕರು. ಹಗ್ಗ, ಕೋಲುಗಳಿಗೆ ತಗಲುವ ವೆಚ್ಚ ಅತ್ಯಲ್ಪ. 2000ದ ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್, ಬದುಕಿನ ಯಶಸ್ಸಿಗೆ ಬುದ್ಧಿಮತ್ತೆಯಷ್ಟೇ ಛಲ, ಸಂಯಮಗಳೂ ಮುಖ್ಯವೆಂದು ತೋರಿಸಿದ್ದಾರೆ. ಆದರೂ ಪರೀಕ್ಷೆ ಸಮೀಪಿಸಿದೊಡನೆ ಶಾಲೆಗಳು ಮೊದಲು ಕೈಬಿಡುವುದು ಇದನ್ನೇ.

ಶಾಲೆಗಳನ್ನಷ್ಟೇ ದೂರುವ ಅರ್ಹತೆ ನನಗಿಲ್ಲ. ಸೇವೆಯಲ್ಲಿದ್ದಾಗ ಇಂಥದೇ ಶಿಬಿರದ ಕಡತವೊಂದು ನನ್ನ ಮೇಜಿಗೆ ಬಂದಿತ್ತು. 'ಅವಘಡವಾದರೆ ಹೊಣೆ ಯಾರದು?' ಎಂದು ಷರಾ ಬರೆದು ಹಿಂತಿರುಗಿಸಿದೆ. ಮುನ್ನೆಚ್ಚರಿಕೆಗಳೇನು ಎಂದು ಕೇಳಲಿಲ್ಲ. ಕಡತ ಮತ್ತೆ ಬರಲಿಲ್ಲ. ನನಗೆ ನೆಮ್ಮದಿಯೇ ಆಯಿತು.

ಆ ಭಯ ಸುಳ್ಳೆಂದು ಈಗಲೂ ಹೇಳಲಾರೆ. 2024ರ ಡಿಸೆಂಬರ್‌ನಲ್ಲಿ ಪ್ರವಾಸಕ್ಕೆ ಹೋಗಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಿನಲ್ಲಿ ನೀರುಪಾಲಾದರು. ಹೆತ್ತವರ ಮುಂದೆ ಯಾವ ವಾದ ನಿಂತೀತು? ಆದರೆ ವರ್ಷವಿಡೀ ಮನೆಯಲ್ಲೇ ಕೂಡಿಹಾಕಿದ ಮಗುವಿಗೆ ನೀರಿನ ಗುಣ, ತನ್ನ ಮಿತಿ ಎರಡೂ ತಿಳಿಯುವುದು ಎಲ್ಲಿಂದ? ಸಹಿ ಮಾಡುವ ಅಧಿಕಾರಿ ಕೇಳಬೇಕಾದದ್ದು ಬೇರೆ: ಎಷ್ಟು ಮಕ್ಕಳಿಗೆ ಎಷ್ಟು ಹಿರಿಯರು, ಈಜು ಬಲ್ಲವರಾರು, ನೀರಿನ ಬಳಿ ಹೋಗುವುದುಂಟೇ, ಹತ್ತಿರದ ಆಸ್ಪತ್ರೆ ಯಾವುದು. ಒಂದು ಹಾಳೆಯಲ್ಲಿ ಮುಗಿಯುವ ವಿಚಾರಣೆ.

ಬಸ್ಸಿಗಾಗಿ ಕಾಯುತ್ತಿದ್ದಾಗ ಬೇಸಿಗೆ ಶಿಬಿರದ ಬಗ್ಗೆ ಶಿಕ್ಷಕರನ್ನು ವಿಚಾರಿಸಿದೆ. ಕೈಚೀಲದಿಂದ ಅರ್ಜಿಯ ಪ್ರತಿ ತೆಗೆದು ತೋರಿಸಿದರು. ಸಲ್ಲಿಸಿ ಆರು ವಾರಗಳಾಗಿದ್ದವು. ನಾನು ಯಾವ ಹುದ್ದೆಯಲ್ಲಿದ್ದೆ ಎಂದು ಅವರು ಕೇಳಿದರು. ಹೇಳಲು ಸ್ವಲ್ಪ ಹೊತ್ತು ಹಿಡಿಯಿತು.